ಮಗಳ ಸೈಕಲ್ಲೂ ಲಗೇಜ್ ತೂಗುವ ತಕ್ಕಡಿಯೂ

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಮಗಳು ಒಂದೂವರೆ ವರ್ಷ ಬ್ಯಾಲೆನ್ಸ್ ಬೈಕ್ ಓಡಿಸಿದಳು. ಪೆಡಲ್ ಇಲ್ಲ, ಚೈನ್ ಇಲ್ಲ, ಕಾಲಿಂದ ನೆಲ ಒದ್ದು ಹೋಗುವ ಗಾಡಿ. ಇಳಿಜಾರಿನಲ್ಲಿ ಎರಡೂ ಕಾಲೆತ್ತಿ ಜಾರುವುದು, ತಿರುವಿನಲ್ಲಿ ಮೈ ವಾಲಿಸುವುದು ಎಲ್ಲ ತಾನೇ ಕಲಿತಳು. ನಿಲ್ಲಿಸಲು ಚಪ್ಪಲಿಯೇ ಬ್ರೇಕ್. ಬಲಗಾಲಿನ ಚಪ್ಪಲಿ ತುದಿಯಲ್ಲಿ ತೂತು ಬಿದ್ದ ದಿನ ಪೆಡಲ್ ಸೈಕಲ್ ತರೋಣ ಅಂತ ತೀರ್ಮಾನವಾಯಿತು. ಆಗ ಅವಳಿಗೆ 3 ವರ್ಷ 8 ತಿಂಗಳು.

ನಾನು ಎಡವಿದ್ದು ಇಲ್ಲೇ. ಅಂಗಡಿಯವನು ವಯಸ್ಸು ಕೇಳಿ 16 ಇಂಚಿನ ಗಾಲಿಯ ಸೈಕಲ್ ಮುಂದಿಟ್ಟ. ಧಾರವಾಡದಿಂದ ಬಂದಿದ್ದ ನಮ್ಮ ಅವ್ವನೂ "ದೊಡ್ಡದ ತಗೋಪಾ, ಎರಡ ವರ್ಷರೇ ಬರ್ತದ" ಅಂದಳು. ಮಕ್ಕಳ ಲಂಗಕ್ಕೆ ಕೆಳಗೆ ಎರಡು ಮಡಿಕೆ ಜಾಸ್ತಿ ಇಟ್ಟು ಹೊಲಿಸ್ತೀವಲ್ಲ, ಆ ಲೆಕ್ಕ. ಆದರೆ ಲಂಗದ ಮಡಿಕೆ ಬಿಚ್ಚಬಹುದು, ಸೈಕಲ್ಲಿಗೆ ಮಡಿಕೆ ಹಾಕಲು ಬರುವುದಿಲ್ಲ.

ಸೀಟು ಪೂರ್ತಿ ಇಳಿಸಿದರೂ ಅವಳ ಹೆಬ್ಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಯಾವುದಕ್ಕೂ ಹೆದರದವಳು "ಪಪ್ಪಾ, ಬಿಡಬೇಡ" ಅಂತ ಅಳತೊಡಗಿದಳು. ನಾಲ್ಕನೇ ದಿನಕ್ಕೆ ವಾಪಸ್ ಹಳೇ ಗಾಡಿ ಹಿಡಿದಳು.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಮೇಲೆ ಮಾಡಿದೆ. ಅವಳನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಗಟ್ಟಿ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಮೇಲೆ ತಾಗುವವರೆಗೆ ಸರಿಸಿ, ಅದರ ಅಂಚಿಗೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದೆ. ನೆಲದಿಂದ 43 ಸೆಂ.ಮೀ. ಸೈಕಲ್ಲಿನ ಸೀಟು ಎಷ್ಟು ಇಳಿಸಿದರೂ 51! ಊರಿಗೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಗೆ ಸೈಕಲ್ಲನ್ನೂ ನೇತು ಹಾಕಿದೆ. 10 ಕಿಲೋ. ಮಗಳು ಇರುವುದೇ 14 ಕಿಲೋ. 70 ಕಿಲೋ ಇರುವ ನನ್ನ ಕೈಗೆ 50 ಕಿಲೋ ಸೈಕಲ್ ಕೊಟ್ಟು "ಹೂಂ, ಹೊಡಿ" ಅಂದ ಹಾಗಾಯ್ತು ಅಲ್ವಾ?

ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಮೇಲಿನ ಮಹಡಿಯ ಹುಡುಗನಿಗೆ ಸಾವಿರ ರೂಪಾಯಿ ಕಡಿಮೆಗೆ ಕೊಟ್ಟೆ. ಈ ಸಲ ತಕ್ಕಡಿ, ಟೇಪು ಎರಡನ್ನೂ ಜೇಬಿನಲ್ಲಿಟ್ಟುಕೊಂಡೇ ಹುಡುಕಿದೆ. ಬಾಣೇರ್‌ನ ಒಂದು ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. 14 ಇಂಚು, ಅಲ್ಯೂಮಿನಿಯಂ ಫ್ರೇಮ್, ಸೀಟು 42 ಸೆಂ.ಮೀ.ಗೆ ಇಳಿಯುತ್ತದೆ, ತೂಕ 7 ಕಿಲೋಗೂ ಕಡಿಮೆ. ಜೊತೆಗೆ ಕೊಟ್ಟ ಸೈಡ್ ಗಾಲಿಗಳನ್ನು ಅಲ್ಲೇ ಬಿಟ್ಟು ಬಂದೆ. ಮೈ ವಾಲಿಸಲು ಕಲಿತ ಮಗುವನ್ನು ಅವು ನೆಟ್ಟಗೆ ಕಟ್ಟಿಹಾಕುತ್ತವೆ, ಕಲಿತದ್ದೂ ಮರೆಯುತ್ತದೆ. 1817ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿದ ಎರಡು ಗಾಲಿಯ ಗಾಡಿಗೂ ಪೆಡಲ್ ಇರಲಿಲ್ಲ. ಮೊದಲು ಬ್ಯಾಲೆನ್ಸು, ಪೆಡಲ್ ಆಮೇಲೆ ಬಂದದ್ದು.

ಅದೇ ಕ್ರಮ ಹಿಡಿದು ಹೊಸ ಸೈಕಲ್ಲಿನ ಪೆಡಲ್‌ಗಳನ್ನೂ ಬಿಚ್ಚಿದೆ. ಎಡಗಡೆಯದು ಜಪ್ಪಯ್ಯ ಅಂದರೂ ಬರಲಿಲ್ಲ. ಹತ್ತು ನಿಮಿಷ ಪಾನಾ ಹಾಕಿ ತಿರುಗಿಸಿ ಇನ್ನಷ್ಟು ಬಿಗಿ ಮಾಡಿದ ಮೇಲೆ ವಾಚ್‌ಮನ್ ಕಾಕಾ ನಕ್ಕು, ಪಾನಾ ಕಸಿದುಕೊಂಡು ಉಲ್ಟಾ ತಿರುಗಿಸಿದರು. ತುಳಿಯುತ್ತಾ ಸಡಿಲವಾಗಬಾರದು ಅಂತ ಎಡ ಪೆಡಲ್‌ನ ತಿರುಪೇ ಉಲ್ಟಾ ಇರುತ್ತದಂತೆ.

ಬ್ರೇಕ್ ಲಿವರ್ ಅವಳ ಬೆರಳಿಗೆ ಎಟುಕುತ್ತಿರಲಿಲ್ಲ. ಲಿವರ್ ಬುಡದಲ್ಲಿದ್ದ ಸಣ್ಣ ಸ್ಕ್ರೂ ಬಿಗಿ ಮಾಡಿದೆ, ಲಿವರ್ ಹ್ಯಾಂಡಲ್ಲಿನ ಹತ್ತಿರಕ್ಕೆ ಬಂತು. ಎರಡು ದಿನ ಸುಮ್ನೆ ಸೈಕಲ್ ತಳ್ಳಿಕೊಂಡು ನಡೆಯುವುದು, ನಾನು "ಬ್ರೇಕ್" ಅಂದಾಗ ಹಿಡಿಯುವುದು, ಅಷ್ಟೇ ಆಟ.

ಐದನೇ ದಿನ ಅವಳೇ ಪೆಡಲ್ ಕೇಳಿದಳು. ಹಾಕಿದೆ. ಒಂದು ಪೆಡಲ್ ಮೇಲೆ ಮುಂದಕ್ಕಿರುವಂತೆ ಇಟ್ಟು ಒತ್ತು ಅಂದೆ. ಒತ್ತಿದಳು, ಹೋದಳು. ನಾನು ಹಿಡಿಯಲೂ ಇಲ್ಲ. ಮೂರನೇ ಕಂಬದ ಹತ್ತಿರ ತಿರುಗಿ ನೇರ ನನ್ನ ಮೇಲೇ ಬಂದಳು. "ಬ್ರೇಕ್, ಬ್ರೇಕ್" ಅಂತ ಕೂಗಿದೆ. ಬಲಗಾಲು ಕೆಳಗಿಟ್ಟು ಹೊಸ ಚಪ್ಪಲಿ ಉಜ್ಜಿದಳು.