ಹೆಸರು ಒಂದೇ, ಹುದ್ದೆ ಬೇರೆ: ಲ್ಯಾಬ್ ಪ್ರಮಾಣಪತ್ರ ಹೋಲಿಸುವುದು ಹೇಗೆ?

ಅಮೆರಿಕದಲ್ಲಿ ‘ಎಂಎಲ್‌ಟಿ’ ಎಂದರೆ ಟೆಕ್ನಿಷಿಯನ್, ಸಾಮಾನ್ಯವಾಗಿ ಎರಡು ವರ್ಷದ ಕೋರ್ಸ್ ಮುಗಿಸಿದವರು. ಗಡಿ ದಾಟಿ ಕೆನಡಾಕ್ಕೆ ಹೋದರೆ ಅದೇ ‘ಎಂಎಲ್‌ಟಿ’ ಟೆಕ್ನಾಲಜಿಸ್ಟ್ ಆಗುತ್ತದೆ. ಅದು ಇನ್ನೂ ಮೇಲಿನ ಮೆಟ್ಟಿಲು. ಹಾಗಾಗಿ ವೈದ್ಯಕೀಯ ಪ್ರಯೋಗಾಲಯದ ಪ್ರಮಾಣಪತ್ರಗಳನ್ನು ಹೋಲಿಸಲು ಕುಳಿತವರು ಮೊದಲು ಹುದ್ದೆಯ ಹೆಸರನ್ನು ಬದಿಗಿಟ್ಟು ಕೆಲಸವನ್ನು ಬರೆದುಕೊಳ್ಳಬೇಕು. ರಕ್ತದ ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಮಾಡಬಹುದೇ? ವರದಿಯನ್ನು ತಾವೇ ಖಚಿತಪಡಿಸಿ ಕಳುಹಿಸಬಹುದೇ?

ಎರಡನೆಯ ಹೆಜ್ಜೆ: ಕೆಲಸ ಮಾಡದಂತೆ ತಡೆಯುವ ಅಧಿಕಾರ ಯಾರಿಗಿದೆ ಎಂದು ಕೇಳಿ. ನನ್ನ ಪ್ರಕಾರ ಹೋಲಿಕೆಯ ಜೀವ ಇರುವುದೇ ಇಲ್ಲಿ. ಬ್ರಿಟನ್ನಿನಲ್ಲಿ ‘ಬಯೋಮೆಡಿಕಲ್ ಸೈಂಟಿಸ್ಟ್’ ಕಾನೂನಿನ ರಕ್ಷಣೆಯುಳ್ಳ ಪದನಾಮ; ಎಚ್‌ಸಿಪಿಸಿ ಎಂಬ ಶಾಸನಬದ್ಧ ನಿಯಂತ್ರಣ ಸಂಸ್ಥೆಯ ನೋಂದಣಿಯಿಲ್ಲದೆ ಆ ಹೆಸರು ಹೇಳಿಕೊಂಡು ಜನರನ್ನು ನಂಬಿಸುವುದು ಅಪರಾಧ. ಅಮೆರಿಕದ ಎಎಸ್‌ಸಿಪಿ ಪ್ರಮಾಣಪತ್ರ ವೃತ್ತಿಪರರ ಮಂಡಳಿ ಕೊಡುವಂಥದ್ದು, ಸರ್ಕಾರದ ಪರವಾನಗಿಯಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮುಂತಾದ ಕೆಲವು ರಾಜ್ಯಗಳು ಮಾತ್ರ ತಮ್ಮದೇ ಪರವಾನಗಿ ಕೇಳುತ್ತವೆ. ನ್ಯೂಜಿಲೆಂಡಿನಲ್ಲಿ ಶಾಸನಬದ್ಧ ನೋಂದಣಿ ಇದೆ, ಪಕ್ಕದ ಆಸ್ಟ್ರೇಲಿಯಾದಲ್ಲಿ ಇಲ್ಲ. ಅಲ್ಲಿಗೆ ವಲಸೆ ಹೋಗುವವರ ಅರ್ಹತೆಯನ್ನು ಎಐಎಂಎಸ್ ಎಂಬ ವೃತ್ತಿಪರರ ಸಂಸ್ಥೆ ಅಳೆಯುತ್ತದೆ.

ಮೂರನೆಯದು ಅಳೆಯುವ ಬಗೆ. ಎಎಸ್‌ಸಿಪಿ ಪರೀಕ್ಷೆ ಕಂಪ್ಯೂಟರ್ ಮುಂದೆ ನಡೆಯುತ್ತದೆ: 100 ಪ್ರಶ್ನೆ, ಎರಡೂವರೆ ಗಂಟೆ. ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಇನ್ನಷ್ಟು ಕಠಿಣ. ಚೆನ್ನಾಗಿ ಬರೆದವರೇ ಬೆವರುತ್ತಾ ಹೊರಬರುವುದು ಅದಕ್ಕೇ. 999ರ ಮಾಪಕದಲ್ಲಿ 400 ಬಂದರೆ ಪಾಸು, ಆದರೆ ಅದನ್ನು ಶೇಕಡಾ 40 ಎಂದು ಓದಬೇಡಿ. ಸುಲಭ, ಕಠಿಣ ಪ್ರಶ್ನೆಗಳ ತೂಕ ಸೇರಿಸಿ ಲೆಕ್ಕ ಹಾಕಿದ ಅಂಕ ಅದು. ಬ್ರಿಟನ್ನಿನಲ್ಲಿ ಇಂಥ ಒಂದೇ ಪರೀಕ್ಷೆ ಇಲ್ಲ. ಸಾಮಾನ್ಯ ದಾರಿಯೆಂದರೆ ಮಾನ್ಯತೆ ಪಡೆದ ಪದವಿ, ಜೊತೆಗೆ ಪ್ರಯೋಗಾಲಯದಲ್ಲಿ ಕಲಿತದ್ದಕ್ಕೆ ಪುರಾವೆ ಕೂಡಿಸಿದ ತರಬೇತಿ ಕಡತ. ಇವೆರಡನ್ನು ಒಂದೇ ತಕ್ಕಡಿಗೆ ಹಾಕಿ ಯಾವುದು ಸುಲಭ ಎಂದು ಕೇಳುವುದು ವ್ಯರ್ಥ.

ನವೀಕರಣದ ಅವಧಿಯನ್ನೂ ಗುರುತು ಹಾಕಿಕೊಳ್ಳಿ: ಎಎಸ್‌ಸಿಪಿಗೆ ಮೂರು ವರ್ಷ, ಎಚ್‌ಸಿಪಿಸಿಗೆ ಎರಡು, ನ್ಯೂಜಿಲೆಂಡಿನಲ್ಲಿ ಪ್ರತಿ ವರ್ಷ.

ಕೊನೆಗೆ ಪಠ್ಯಕ್ರಮಗಳನ್ನು ಅಕ್ಕಪಕ್ಕ ಇಟ್ಟು ವಿಭಾಗವಾರು ನೋಡಿ. ಅಂಕಪಟ್ಟಿಯಷ್ಟೇ ಸಾಲದು, ಯಾವ ವಿಭಾಗದಲ್ಲಿ ಎಷ್ಟು ಗಂಟೆ ಪ್ರಾಯೋಗಿಕ ತರಬೇತಿ ಎಂಬ ವಿವರವನ್ನು ಕಾಲೇಜಿನಿಂದ ಬರೆಸಿಕೊಳ್ಳಿ. ಕೆನಡಾದ ಸಾಮಾನ್ಯ ಟೆಕ್ನಾಲಜಿಸ್ಟ್ ಪರೀಕ್ಷೆಯಲ್ಲಿ ಹಿಸ್ಟಾಲಜಿಯೂ (ಅಂಗಾಂಶಗಳ ಅಧ್ಯಯನ) ಸೇರಿದೆ; ಅಮೆರಿಕದಲ್ಲಿ ಅದಕ್ಕೆ ಬೇರೆಯೇ ಪ್ರಮಾಣಪತ್ರ. ಅಮೆರಿಕದ ಸಾಮಾನ್ಯ ಪರೀಕ್ಷೆಯನ್ನು ಒಳ್ಳೆಯ ಅಂಕದಲ್ಲಿ ದಾಟಿದವರೂ ಮೈಕ್ರೋಟೋಮ್ ಮುಂದೆ ಕುಳಿತು ಅಂಗಾಂಶದ ಒಂದು ತೆಳು ಪದರವನ್ನೂ ಕತ್ತರಿಸದೇ ಇರಬಹುದು.