‘ಯಾಕ’ ಬಿಟ್ಟು ‘ಹ್ಯಾಂಗ’ ಕೇಳುವ ಕ್ಯಾಮೆರಾ

ಆತ್ಮಹತ್ಯೆಯಿಂದ ರೈತನೊಬ್ಬ ತೀರಿಕೊಂಡ ಮನೆಗೆ ಸಾಕ್ಷ್ಯಚಿತ್ರದವರು ಹೋಗುವ ಹೊತ್ತಿಗೆ ‘ಯಾಕ ಹಿಂಗಾತು?’ ಎಂಬ ಪ್ರಶ್ನೆಗೆ ಆ ಮನೆಯ ಹೆಣ್ಣುಮಗಳು ಪೊಲೀಸರಿಗೆ, ಗ್ರಾಮ ಆಡಳಿತ ಅಧಿಕಾರಿಗೆ, ಕೃಷಿ ಇಲಾಖೆಯವರಿಗೆ, ಪತ್ರಿಕೆಯವರಿಗೆ, ಮಣ್ಣಿಗೆ ಬಂದ ಬೀಗರಿಗೆ ಉತ್ತರ ಕೊಟ್ಟು ಸಾಕಾಗಿರುತ್ತಾಳೆ. ಉತ್ತರ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ: ಸಾಲ ಆಗಿತ್ತು, ಬೆಳಿ ಹೋತು. ಅದನ್ನೇ ಮತ್ತೊಮ್ಮೆ ಹೇಳಿಸಿದರೆ ಪಂಚನಾಮೆಯ ಮಾತೇ ಬರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಚಿತ್ರೀಕರಿಸುವಾಗ ನಾವು ಆ ಪ್ರಶ್ನೆ ಎತ್ತುವುದಿಲ್ಲ. ‘ಈಗ ಹ್ಯಾಂಗ ನಡದೈತ್ರಿ ಅಕ್ಕಾ?’ ಎಂದು ಶುರು ಮಾಡುತ್ತೇವೆ. ಕಾಲುವೆ ನೀರು ಬಿಟ್ಟ ರಾತ್ರಿ ಹೊಲಕ್ಕೆ ಯಾರು ಹೋಗುತ್ತಾರೆ, ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ದಲ್ಲಾಳಿ ಅಂಗಡಿಯವನ ಜೊತೆ ಯಾರು ಮಾತಾಡುತ್ತಾರೆ, ಪಹಣಿ ಯಾರ ಹೆಸರಿಗೆ ಬಂತು. ದುಃಖ ಈ ಸಣ್ಣ ಸಣ್ಣ ಕೆಲಸಗಳ ನಡುವೆ ತಾನಾಗಿ ಮೇಲೆ ಬರುತ್ತದೆ, ಕೆದಕಬೇಕಿಲ್ಲ.

‘ಯಾಕ’ ಬಿಡಲು ಇನ್ನೊಂದು ಕಾರಣವಿದೆ. ಚಿತ್ರ ‘ಸಾಲ ಆಯ್ತು, ಹೋದ’ ಎಂದು ಒಂದೇ ಗೆರೆ ಎಳೆದರೆ, ಅಷ್ಟೇ ಸಾಲ ಹೊತ್ತು ಮುಂದಿನ ಸಾಲಿನಲ್ಲಿ ಕೂತು ನೋಡುವ ರೈತನಿಗೆ ಅದು ದಾರಿ ತೋರಿಸಿದಂತಾಗುತ್ತದೆ. ಸಾವಿನ ಹಿಂದೆ ಸಾಲದ ಜೊತೆ ಕಾಯಿಲೆ, ಕುಡಿತ, ನಿದ್ದೆಯಿಲ್ಲದ ತಿಂಗಳುಗಳು, ಊರ ಮುಂದೆ ಆದ ಅವಮಾನ ಎಲ್ಲ ಹೆಣೆದುಕೊಂಡಿರುತ್ತವೆ. ಯಾವುದನ್ನೂ ಒಂಟಿ ಕಾರಣ ಮಾಡಿ ನಿಲ್ಲಿಸುವುದಿಲ್ಲ. ಸಾಧನ, ಸ್ಥಳ, ಬರೆದಿಟ್ಟ ಚೀಟಿ ಈ ಮೂರನ್ನೂ ತೋರಿಸುವುದೂ ಇಲ್ಲ, ಹೇಳಿಸುವುದೂ ಇಲ್ಲ. ಮಾತಿನ ನಡುವೆ ಬಂದರೆ ಸಂಕಲನದಲ್ಲಿ ತೆಗೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಚಿತ್ರ ಮತ್ತು ರಂಗಭೂಮಿಯವರಿಗೆಂದೇ 2019ರಲ್ಲಿ ಕೈಪಿಡಿ ತಂದಿದೆ, ಚಿತ್ರಕಥೆ ಬರೆಯುವ ಮೊದಲೇ ಓದಬೇಕಾದದ್ದು. ಸಂಕಲನದ ಮೇಜಿಗೆ ಬಂದ ಮೇಲೆ ಓದಿದರೆ ಅರ್ಧ ಚಿತ್ರ ಕತ್ತರಿಸಬೇಕಾಗುತ್ತದೆ.

ವರ್ಷದ ಕಾರ್ಯ ಮುಗಿಯುವವರೆಗೆ ಕ್ಯಾಮೆರಾ ಒಯ್ಯಬೇಡಿ. ಆಮೇಲೂ ಸಾವಿನ ದಿನ, ಹಿರಿಯರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆಯ ಆಸುಪಾಸು ಬೇಡ. ಕೆಲಸದ ಕಾಲವನ್ನೂ ನೋಡಿಕೊಳ್ಳಬೇಕು. ಸಿಂಧನೂರು, ಗಂಗಾವತಿ ಕಡೆ ಜುಲೈ-ಆಗಸ್ಟ್ ಭತ್ತದ ನಾಟಿ, ಸಿರುಗುಪ್ಪದ ಕಡೆ ಜನವರಿ ದಾಟಿದರೆ ಮೆಣಸಿನಕಾಯಿ ಬಿಡಿಸುವುದು. ಆಗ ಹೆಣ್ಣುಮಕ್ಕಳನ್ನು ಕೂರಿಸಿದರೆ ಒಂದು ದಿನದ ಕೂಲಿ ಹೋಗುತ್ತದೆ. ಕೂಲಿ ತಪ್ಪಿದರೆ ಅಷ್ಟನ್ನು ಕೊಡುತ್ತೇವೆ, ಮಾತಿಗೆ ದುಡ್ಡು ಕೊಡುವುದಿಲ್ಲ. ಕೊಟ್ಟರೆ, ನಡುವೆ ‘ಸಾಕು’ ಎನ್ನುವ ಧೈರ್ಯ ಅವರಿಗೆ ಉಳಿಯುವುದಿಲ್ಲ.

ಒಪ್ಪಿಗೆ ಮೂರು ಸಲ: ಕ್ಯಾಮೆರಾ ತೆಗೆಯುವ ಮೊದಲು, ಚಿತ್ರೀಕರಣ ಮುಗಿದ ಮರುದಿನ, ಒರಟು ಸಂಕಲನ ತೋರಿಸಿದ ಮೇಲೆ. ಪತ್ರ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಲಿಲ್ಲ. ಚಿತ್ರೋತ್ಸವ, ಟಿವಿ, ಯೂಟ್ಯೂಬ್ ಎಂದು ಬೇರೆ ಬೇರೆ ಕೇಳಬೇಕು. ಉತ್ಸವಕ್ಕೆ ಹೂಂ ಎಂದವರು ಯೂಟ್ಯೂಬಿಗೆ ಬೇಡ ಎನ್ನುವುದು ಸಾಮಾನ್ಯ, ಏಕೆಂದರೆ ಅದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಬರುತ್ತದೆ. ಯಾವ ತಾರೀಕಿನವರೆಗೆ ಹಿಂದೆ ಸರಿಯಬಹುದು ಎಂಬುದನ್ನು ಪತ್ರದಲ್ಲೇ ಬರೆಯಿರಿ. ಪರಿಹಾರದ ಕಡತ ಉಪವಿಭಾಗ ಮಟ್ಟದ ಸಮಿತಿಯ ಮುಂದೆ ಇರುವಾಗ, ಅಥವಾ ಖಾಸಗಿ ಸಾಲದ ತಕರಾರು ಠಾಣೆಯಲ್ಲಿರುವಾಗ ಚಿತ್ರ ಬಿಡುಗಡೆ ಮಾಡಬಾರದು. ದುಃಖದಲ್ಲಿ ಆಡಿದ ಒಂದು ಮಾತು, ಮೊದಲು ಕೊಟ್ಟ ಹೇಳಿಕೆಗೆ ಹೊಂದದಿದ್ದರೆ, ಅವರ ವಿರುದ್ಧವೇ ತಿರುಗಬಹುದು.

ಅತ್ತೆ, ಮೈದುನ ಪಡಸಾಲೆಯಲ್ಲಿ ಕೂತಿರುವಾಗ ಸೊಸೆಯ ಸಂದರ್ಶನ ಮಾಡಿದರೆ ಅದು ಅತ್ತೆಯ ಸಂದರ್ಶನವೇ. ಆಸ್ತಿಯ ಮಾತು ಇನ್ನೂ ಬಗೆಹರಿದಿರುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ದಿನ ಇಡುತ್ತೇವೆ. ತಂಡದಲ್ಲಿ ಮೂವರು ಸಾಕು, ಒಬ್ಬಳು ಹೆಣ್ಣುಮಗಳು ಇರಲೇಬೇಕು. ಮಕ್ಕಳಿಂದ ಸಾವಿನ ಬಗ್ಗೆ ಹೇಳಿಸುವುದಿಲ್ಲ. ತಾಯಿಯೂ ಮಗುವೂ ಒಪ್ಪಿದರೆ ಆಟದಲ್ಲೋ ಓದಿನಲ್ಲೋ ತೋರಿಸಬಹುದು, ಶಾಲೆಯ ಹೆಸರು ಫ್ರೇಮಿನಲ್ಲಿ ಬರದಂತೆ. ಪಾಸ್‌ಬುಕ್, ಪಹಣಿಯ ಹತ್ತಿರದ ಶಾಟ್ ಬೇಕೆನಿಸಿದರೆ ಖಾತೆ ಸಂಖ್ಯೆ, ಸರ್ವೆ ನಂಬರಿನ ಮೇಲೆ ಅಲ್ಲೇ ಬೆರಳು ಇಡಿಸಿ. ಆಮೇಲೆ ಮಸುಕು ಮಾಡಿದ ಕಾಗದ ಅಪರಾಧದ ಕಾರ್ಯಕ್ರಮದ ಹಾಗೆ ಕಾಣುತ್ತದೆ.

ಇನ್ನು ಬೆಳಕು. ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ತುಂಡು ನೋಡಲು ಚೆಂದ. ಹೊಸ ಛಾಯಾಗ್ರಾಹಕರೆಲ್ಲ ಮನುಷ್ಯರನ್ನು ಅದರ ಕೆಳಗೇ ಕೂರಿಸುತ್ತಾರೆ. ನಲವತ್ತು ನಿಮಿಷದಲ್ಲಿ ಅದು ಕೆನ್ನೆಯಿಂದ ಗೋಡೆಗೆ ಹೋಗಿರುತ್ತದೆ, ಸಂಕಲನದಲ್ಲಿ ಮೊದಲ ಮಾತಿಗೂ ಕೊನೆಯ ಮಾತಿಗೂ ಕೂಡುವುದಿಲ್ಲ. ಮಾಳಿಗೆ ಹತ್ತಿ ಕಿಂಡಿಯ ಮೇಲೆ ತೆಳು ಬಿಳಿ ಪಂಚೆ ಹಾಸಿ ನಾಲ್ಕು ಕಲ್ಲು ಇಟ್ಟರೆ ಬೆಳಕು ಮೆತ್ತಗಾಗುತ್ತದೆ. ಕಿಂಡಿಯಿಂದ ಎರಡು-ಮೂರು ಅಡಿ ಆಚೆ ಕೂರಿಸಿ, ನೆಲದ ಮೇಲೆ ಇನ್ನೊಂದು ಪಂಚೆ ಹಾಸಿ. ಅದರಿಂದ ಎದ್ದ ಬೆಳಕು ಮುಖಕ್ಕೆ ಸಾಕು, ದೀಪ ಬೇಡ. ಜನ ನೆಲದ ಮೇಲೆ ಕೂರುವುದರಿಂದ ಗಿಡ್ಡ ಕಾಲಿನ ಟ್ರೈಪಾಡ್ ಬೇಕು. ಮೇಲಿನಿಂದ ನೋಡುವ ಕ್ಯಾಮೆರಾ ಎದುರಿನವರನ್ನು ಬೇಡುವವರಂತೆ ಕಾಣಿಸುತ್ತದೆ. ಕ್ಯಾಮೆರಾ ಐದಾರು ಅಡಿ ದೂರ ಇರಲಿ, 50 ಮಿಲಿಮೀಟರ್ ಲೆನ್ಸ್ ಸಾಕು. ಸೆಕೆಂಡಿಗೆ 25 ಫ್ರೇಮು, 1/50 ಶಟರ್ ಇಟ್ಟರೆ ಎಲ್‌ಇಡಿ ಬಲ್ಬು ಮಿಡುಕುವುದಿಲ್ಲ. ಹೊರಗಿನ ಬಿಸಿಲಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ, ಶಟರ್ ಮುಟ್ಟಬೇಡಿ. ಅತ್ತಾಗ ಕಣ್ಣಿಗೆ ಜೂಮ್ ಮಾಡುವುದು ನಮ್ಮಲ್ಲಿ ನಿಷೇಧ. ಫ್ರೇಮ್ ಹೇಗಿದೆಯೋ ಹಾಗೇ.

ಧ್ವನಿಯಲ್ಲೇ ಹೆಚ್ಚು ಕೆಡುವುದು. ಕಾಲರ್ ಮೈಕನ್ನು ಸೆರಗಿಗೆ ಸಿಕ್ಕಿಸಿದರೆ, ಅಳು ಬಂದಾಗ ಅದೇ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಯಾವ ಮಾತು ಮುಖ್ಯವೋ ಅಲ್ಲೇ ‘ಖರ್ರ್’ ಎನ್ನುತ್ತದೆ. ಸೆರಗಿಲ್ಲದ ಬದಿಯ ಕುಪ್ಪಸದ ಅಂಚಿಗೆ, ತಂಡದ ಹೆಣ್ಣುಮಗಳೇ ಸಿಕ್ಕಿಸಬೇಕು. ಜೊತೆಗೆ ಒಂದೂವರೆ-ಎರಡು ಅಡಿ ಮೇಲೆ ಬೂಮ್ ಮೈಕ್. ಮಾತು ಪಿಸುಮಾತಿನಿಂದ ಬಿಕ್ಕಿಗೆ ಒಮ್ಮೆಲೇ ಏರುತ್ತದೆ. ಆದ್ದರಿಂದ ರೆಕಾರ್ಡಿಂಗ್ ಮಟ್ಟವನ್ನು ಮೈನಸ್ 18 ಡೆಸಿಬಲ್ ಸುತ್ತ ಇಟ್ಟು, ಇನ್ನೊಂದು ಟ್ರ್ಯಾಕಿನಲ್ಲಿ ಹತ್ತು ಡೆಸಿಬಲ್ ಕಡಿಮೆ ಮಾಡಿ ಕಾಪಿಟ್ಟುಕೊಳ್ಳುತ್ತೇವೆ. ಫ್ಯಾನ್ ಆರಿಸಲೇಬೇಕು, ಮೇ ತಿಂಗಳ ರಾಯಚೂರಿನಲ್ಲಿ ಅದು ಶಿಕ್ಷೆಯೇ. ಹಾಗಾಗಿ ಇಪ್ಪತ್ತು ನಿಮಿಷಕ್ಕೊಮ್ಮೆ ಫ್ಯಾನ್ ಹಾಕಿ ನೀರು ಕೊಟ್ಟು ಬಿಡುವು. ಮುಗಿದ ಮೇಲೆ ಖಾಲಿ ಕೋಣೆಯ ಸದ್ದು ಎರಡು ನಿಮಿಷ. ಕೊಳಲು, ಶಹನಾಯಿಯ ಅಳುಸಂಗೀತಕ್ಕಿಂತ ಆ ಸದ್ದು ಎಷ್ಟೋ ಮೇಲು. ಮೊಹರಂನಲ್ಲಿ ಹಾಡುವ ಶೋಕದ ರಿವಾಯತ್ ಪದ ಹಿನ್ನೆಲೆಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಅದು ಬೇರೊಬ್ಬರ ಶೋಕ.

ಸಂಜೆ ಸಂದರ್ಶನ ಬೇಡ. ಬೆಳಕು ಎಷ್ಟೇ ಚೆನ್ನಾಗಿರಲಿ, ಗಾಯ ತೆರೆದು ಕತ್ತಲಿಗೆ ಬಿಟ್ಟು ಬರಬಾರದು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ, ಊಟದ ಹೊತ್ತಿಗೆ ನಿಲ್ಲಿಸಿ, ಚಾ ಕುಡಿದು ಬೇರೆ ಮಾತಾಡಿ ಹೊರಡುತ್ತೇವೆ. ಮರುದಿನ ಒಂದು ಫೋನು, ವಾರ ಬಿಟ್ಟು ಮತ್ತೊಂದು. ‘ನಾನೂ ಹೋಗಬೇಕು ಅನಸ್ತದ’ ಎಂದು ಯಾರಾದರೂ ಹೇಳಿದರೆ ಕ್ಯಾಮೆರಾ ಆರಿಸಿ, ನೇರವಾಗಿ ವಿಚಾರಿಸಿ, ಒಬ್ಬರನ್ನೇ ಬಿಡದೆ ಮನೆಯಲ್ಲಿ ಅವರು ನಂಬುವವರಿಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲಿಂದಲೇ ಕರೆ ಮಾಡಿಸಬೇಕು. 2022ರ ಅಕ್ಟೋಬರಿನಿಂದ ಇರುವ ಈ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ಪರಿಚಯ ಚಿತ್ರೀಕರಣಕ್ಕೆ ಮೊದಲೇ ಆಗಿರಲಿ. ಇಡೀ ದೇಶಕ್ಕೆ ಆ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ: ನಿಮ್ಹಾನ್ಸ್ 1985ರಿಂದ 1990ರವರೆಗೆ ಇಲ್ಲಿ ಪ್ರಯೋಗ ನಡೆಸಿತು, 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು.

ಸಂಕಲನದಲ್ಲಿ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಸಂದರ್ಶನ ನೋಡುವುದಿಲ್ಲ, ಸಂಕಲನಕಾರರೂ ಮನುಷ್ಯರೇ. ಮಾತನ್ನು ಆಡಿದಂತೆಯೇ ಬರೆದುಕೊಳ್ಳಿ. ಕೊಪ್ಪಳದ ‘ಐತಿ’ಯನ್ನೂ ರಾಯಚೂರಿನ ‘ಅದ’ವನ್ನೂ ‘ಇದೆ’ ಮಾಡಿದರೆ ಮಾತಾಡಿದವರೇ ಮಾಯ. ಅಡಿಬರಹದಲ್ಲಿ ಬೇಕಾದರೆ ಮೈಸೂರಿನವರಿಗೆ ಅನುಕೂಲ ಮಾಡಿಕೊಡಬಹುದು.

ಮೊದಲ ಪ್ರದರ್ಶನ ಅವರ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ, ಹಗಲು. ಊರಲ್ಲಿ ತೋರಿಸುವುದು ಅವರು ಕೇಳಿದರೆ ಮಾತ್ರ, ಆಗ ಆಪ್ತ ಸಮಾಲೋಚಕರೊಬ್ಬರು ಅಲ್ಲೇ ಇರಬೇಕು. 14416 ಚಿತ್ರದ ಮೊದಲೂ ಕೊನೆಗೂ ಎಂಟು ಸೆಕೆಂಡ್ ನಿಲ್ಲಲಿ. ಓದಲು ಬಾರದವರಿಗಾಗಿ ದನಿಯಲ್ಲೂ ಹೇಳಿಸಿ. ಪ್ರದರ್ಶನದ ದಿನ ಬೆಳಿಗ್ಗೆ ಆ ಊರಿನಿಂದಲೇ ಕರೆ ಹೋಗುತ್ತದೆಯೇ ನೋಡಿಕೊಳ್ಳಿ.

ಹಾರ ಹಾಕಿದ ಫೋಟೊವನ್ನು ಸ್ಕ್ಯಾನ್ ಮಾಡಲು ಒಯ್ಯಬೇಡಿ, ಅಲ್ಲೇ ತೆಗೆದುಕೊಳ್ಳಿ. ಎಷ್ಟೋ ಮನೆಯಲ್ಲಿ ಇರುವುದು ಅದೊಂದೇ, ಗುರುತಿನ ಚೀಟಿಯಿಂದ ದೊಡ್ಡದು ಮಾಡಿ ಸ್ಟುಡಿಯೋದವರು ಕೋಟು ತೊಡಿಸಿದ್ದು. ಹೋದವರ ಹಳೆಯ ಫೋನಿನಲ್ಲಿ ದನಿ ಇದ್ದರೆ, ಮಗಳಿಗೆ ಕಳಿಸಿದ ಹತ್ತು ಸೆಕೆಂಡಿನ ಸಂದೇಶವಾದರೂ ಸರಿ, ಚಿತ್ರಕ್ಕೆ ಬಳಸದಿದ್ದರೂ ಬ್ಯಾಟರಿ ಉಬ್ಬುವ ಮೊದಲು ಎರಡು ಮೆಮೊರಿ ಕಾರ್ಡಿಗೆ ಪ್ರತಿ ಮಾಡಿ ಮನೆಯವರ ಕೈಗೆ ಕೊಟ್ಟು ಬನ್ನಿ.