ದಪ್ಪ ಹುರಿಯ ಕ್ರೋಶಾ ನೆಲಹಾಸು: ನಾನು ಹೆಣೆದ ಬಗೆ

ನೆಲಕ್ಕೆ ಹಾಸುವ ಕ್ರೋಶಾ ಮ್ಯಾಟ್ ಮೊದಲು ಬಿಗಿಯಾಗಿರಬೇಕು. ಅಂದದ ಮಾತು ಆಮೇಲೆ. ಮೇಜಿನ ಮೇಲೆ ಹಾಸುವ ಬಟ್ಟೆಗೆ ಜಾಳುಜಾಳಾದ ಕಣ್ಣುಗಳು ಒಪ್ಪುತ್ತವೆ, ಹೊದೆಯುವ ಶಾಲು ಮೈಮೇಲೆ ಮೆತ್ತಗೆ ಇಳಿಬಿದ್ದರೆ ಚೆಂದ. ಕಾಲಡಿಯ ಮ್ಯಾಟಿಗೆ ಇವೆರಡೂ ಬೇಡ. ಕಣ್ಣು ದೊಡ್ಡದಾದರೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಹೆಣಿಗೆ ಮೆತ್ತಗಾದರೆ ನಡೆದಾಡಿದಂತೆಲ್ಲ ಮಡಿಕೆ ಬಿದ್ದು ಮ್ಯಾಟ್ ಜಾಗ ಬಿಡುತ್ತದೆ. ಒಂದು ಮೀಟರ್ ಅಗಲದ ದುಂಡನೆಯ ಮ್ಯಾಟನ್ನು ಹತ್ತಿಯ ಹುರಿಯಿಂದ ಹೆಣೆಯುವಾಗ ದಾರ, ತುದಿಯಲ್ಲಿ ಕೊಕ್ಕಿರುವ ಕ್ರೋಶಾ ಕಡ್ಡಿ, ಸ್ಟಿಚ್ ಎಲ್ಲವನ್ನೂ ನಾನು ಈ ಬಿಗಿಯನ್ನೇ ಮುಂದಿಟ್ಟುಕೊಂಡು ಆರಿಸಿಕೊಂಡೆ.

ದಾರದ ಆಯ್ಕೆಯಲ್ಲಿ ಸಾಕಷ್ಟು ಯೋಚನೆ ಮಾಡಿದೆ. ದಪ್ಪ ಮ್ಯಾಟಿಗೆ ಸಾಮಾನ್ಯವಾಗಿ ಬಳಸುವುದು ಹೆಣೆದ ಹತ್ತಿಯ ಹುರಿ, ಟಿ-ಶರ್ಟ್ ದಾರ, ಸೆಣಬು, ದಪ್ಪ ಉಣ್ಣೆ ಅಥವಾ ಪಾಲಿಯೆಸ್ಟರ್ ಹುರಿ. ಸೆಣಬು ನೋಡಲು ಗಟ್ಟಿಮುಟ್ಟು, ಆದರೆ ಕೈಯನ್ನೂ ಬರಿಗಾಲನ್ನೂ ಒರಟಾಗಿ ಉಜ್ಜುತ್ತದೆ, ನೀರು ತಾಗಿದರೆ ಬೇಗ ಕೆಡುತ್ತದೆ. ಉಣ್ಣೆ ಬೆಚ್ಚಗಿರುತ್ತದೆ, ತುಳಿದರೂ ಮತ್ತೆ ಉಬ್ಬುತ್ತದೆ. ಆದರೆ ನುಸಿಯ ಕಾಟ ತಪ್ಪಿದ್ದಲ್ಲ. ಟಿ-ಶರ್ಟ್ ದಾರ ಮೃದು. ಹಳೆಯ ಅಂಗಿಗಳಿಂದ ನಾವೇ ಕತ್ತರಿಸಿಕೊಳ್ಳಬಹುದು ಎಂಬುದು ಅದರ ದೊಡ್ಡ ಅನುಕೂಲ. ತೋಳಿನ ಕೆಳಗಿನ ಭಾಗವನ್ನು ಅಡ್ಡಲಾಗಿ ಎರಡೂವರೆ ಸೆಂಟಿಮೀಟರ್ ಅಗಲಕ್ಕೆ, ಸುರುಳಿಯಂತೆ ಎಲ್ಲೂ ತುಂಡಾಗದ ಹಾಗೆ ಕತ್ತರಿಸುತ್ತಾ ಹೋಗಬೇಕು. ಆ ಪಟ್ಟಿಯನ್ನು ಜಗ್ಗಿದಾಗ ಅಂಚುಗಳು ತಾವಾಗಿಯೇ ಒಳಕ್ಕೆ ಸುರುಳಿಕೊಂಡು ದುಂಡು ದಾರವಾಗುತ್ತದೆ. ಪಕ್ಕದಲ್ಲಿ ಹೊಲಿಗೆಯಿಲ್ಲದ ಅಂಗಿ ಸಿಕ್ಕಿದರೆ ಒಳ್ಳೆಯದು, ಹೊಲಿಗೆ ಬಂದಲ್ಲೆಲ್ಲ ಗಂಟಿನಂತೆ ಉಬ್ಬು ಉಳಿದುಬಿಡುತ್ತದೆ. ಆದರೆ ಈ ದಾರ ರಬ್ಬರಿನಂತೆ ಹಿಗ್ಗುವುದರಿಂದ ಎಳೆತ ಒಂದೇ ಸಮನಾಗಿರುವುದು ಕಷ್ಟ. ಅಂಗಿಯಿಂದ ಅಂಗಿಗೆ ದಪ್ಪವೂ ಬದಲಾಗುತ್ತದೆ. ದೊಡ್ಡ ಮ್ಯಾಟಿಗೆ ನನಗೆ ಹಿಗ್ಗದ ದಾರವೇ ಬೇಕಿತ್ತು. ಹಾಗಾಗಿ 5 ಮಿಲಿಮೀಟರ್ ದಪ್ಪದ, ಒಳಗೆ ತಿರುಳಿರುವ, ಮೇಲೆ ಜಡೆಯಂತೆ ಹೆಣೆದ ಹತ್ತಿ ಹುರಿಯನ್ನು ಆರಿಸಿದೆ.

ಎರಡು ಬಣ್ಣ ಸೇರಿಸುವ ಉದ್ದೇಶವಿದ್ದುದರಿಂದ ಹೆಣಿಗೆಗೆ ಮೊದಲೇ ಬಣ್ಣದ ಪರೀಕ್ಷೆ ಮಾಡಿದೆ. ಕಡುಬಣ್ಣದ ಹುರಿಯ ಒಂದು ತುಂಡನ್ನು ಒದ್ದೆ ಮಾಡಿ, ಬಿಳಿಯ ಬಟ್ಟೆಯಲ್ಲಿ ಸುತ್ತಿ, ಒಣಗುವವರೆಗೆ ಬಿಟ್ಟರೆ ಸಾಕು. ಬಟ್ಟೆಗೆ ಬಣ್ಣ ಹತ್ತಿದರೆ ಆ ಹುರಿಯನ್ನು ತಿಳಿಬಣ್ಣದ ಪಕ್ಕ ಕೂರಿಸಲೇಬಾರದು. ಕಡುಗೆಂಪು ಮತ್ತು ಕಡುನೀಲಿಯಲ್ಲಿ ಈ ಎಚ್ಚರ ಮುಖ್ಯ.

ಕಡ್ಡಿಯ ವಿಷಯಕ್ಕೆ ಬಂದರೆ, ದಾರದ ಲೇಬಲ್ ಮೇಲೆ ಬರೆದ ಸಂಖ್ಯೆ ಬಹುಪಾಲು ಚೀಲ, ಉಡುಪುಗಳಿಗೂ ಸೇರಿಸಿ ಹೇಳಿದ್ದಾಗಿರುತ್ತದೆ. ಮ್ಯಾಟಿಗೆ ನಾನು ಅದಕ್ಕಿಂತ ಒಂದು ಗಾತ್ರ ಚಿಕ್ಕ ಕಡ್ಡಿ ಹಿಡಿಯುತ್ತೇನೆ. ಈ ಹುರಿಗೆ 9 ಮಿ.ಮೀ. ಸಲೀಸಾಗಿ ಓಡುತ್ತಿತ್ತು, ಆದರೂ 8 ಮಿ.ಮೀ. ಕಡ್ಡಿಯನ್ನೇ ತೆಗೆದುಕೊಂಡೆ. ತೆಳ್ಳಗಿನ ಪ್ಲಾಸ್ಟಿಕ್ ಕಡ್ಡಿ ಇಷ್ಟು ಬಿಗಿ ಹೆಣಿಗೆಯಲ್ಲಿ ಬಾಗುತ್ತದೆ. ಅಲ್ಯೂಮಿನಿಯಂ ಅಥವಾ ನುಣುಪಾದ ಮರದ್ದು ವಾಸಿ.

ಇನ್ನು ಮಾದರಿ ತುಂಡು. ಹೆಣೆಯುವವರಲ್ಲಿ ಎಷ್ಟೋ ಜನ ಇದನ್ನು ಹಾರಿಸಿಬಿಡುತ್ತಾರೆ. ಮ್ಯಾಟಿನ ಮಟ್ಟಿಗೆ ನಾನು ಇದನ್ನು ಬಿಡುವುದೇ ಇಲ್ಲ, ಏಕೆಂದರೆ ಇಡೀ ಕೆಲಸದ ಲೆಕ್ಕ ಇದರಲ್ಲೇ ಸಿಗುತ್ತದೆ. ಸಿಂಗಲ್ ಕ್ರೋಶಾ ಎಂಬ ಗಿಡ್ಡ, ಒತ್ತಾದ ಸ್ಟಿಚ್ ಹಾಕಿ ಒಂದು ಚೌಕ ಹೆಣೆದು, ನೆಲದ ಮೇಲಿಟ್ಟು, ಎಳೆಯದೆ ಅಳೆದೆ. ಹತ್ತು ಸೆಂಟಿಮೀಟರಿಗೆ ಎತ್ತರದಲ್ಲಿ ಒಂಬತ್ತು ಸಾಲು, ಅಗಲದಲ್ಲಿ ಎಂಟೂವರೆಗಿಂತ ತುಸು ಹೆಚ್ಚು ಸ್ಟಿಚ್ ಬಂದವು. ಹತ್ತು ಸೆಂಟಿಮೀಟರ್ ಚೌಕದ ತೂಕ ಸುಮಾರು 30 ಗ್ರಾಂ. ಅಂದರೆ ಒಂದು ಚದರ ಮೀಟರಿಗೆ 3 ಕಿಲೋ. ಒಂದು ಮೀಟರ್ ಅಗಲದ ವೃತ್ತದ ವಿಸ್ತೀರ್ಣ 0.785 ಚದರ ಮೀಟರ್. ಆದ್ದರಿಂದ ಬೇಕಾದ ಹುರಿ ಸುಮಾರು 2.35 ಕಿಲೋ. ಅಂಚು, ಜೋಡಣೆ, ಬಾಲಗಳಿಗೆಂದು (ಉಳಿಯುವ ದಾರದ ತುದಿಗಳಿಗೆಂದು) ಹತ್ತರಲ್ಲಿ ಒಂದು ಪಾಲು ಹೆಚ್ಚಿಗೆ ಸೇರಿಸಿ ತಂದೆ. ಬಣ್ಣ ಹಾಕಿದ ದಾರದಲ್ಲಿ ಒಂದು ಸಲದ್ದಕ್ಕೂ ಇನ್ನೊಂದು ಸಲದ್ದಕ್ಕೂ ಛಾಯೆ ಬೇರೆಯಾಗುವುದುಂಟು. ಆಮೇಲೆ ತಂದರಾಯಿತು ಎಂಬ ಧೈರ್ಯ ಇಲ್ಲಿ ನಡೆಯದು.

ದುಂಡನೆಯ ಮ್ಯಾಟಿನಲ್ಲಿ ದಾರ ಖರ್ಚಾಗುವ ರೀತಿಯೂ ಗಮನಿಸುವಂಥದು. ಅರ್ಧ ಅಗಲಕ್ಕೆ ಬಂದಾಗ ಕೆಲಸ ಅರ್ಧ ಮುಗಿದಂತೆ ಕಾಣುತ್ತದೆ, ಆದರೆ ಆಗ ಬಳಕೆಯಾಗಿರುವುದು ಕಾಲು ಭಾಗದ ದಾರ ಮಾತ್ರ. ನನ್ನ ಅಳತೆಯಲ್ಲಿ ಒಟ್ಟು ನಲವತ್ತೈದು ಸುತ್ತು. ಅರ್ಧ ದಾರ ಮುಗಿಯುವುದು ಮೂವತ್ತೆರಡನೆಯ ಸುತ್ತಿನ ಹೊತ್ತಿಗೆ. ಉಳಿದರ್ಧವನ್ನು ಕೊನೆಯ ಹದಿಮೂರು ಸುತ್ತುಗಳೇ ತಿನ್ನುತ್ತವೆ. ಎರಡು ಬಣ್ಣದ ಪಟ್ಟಿಗಳನ್ನು ಯಾವ ಸುತ್ತಿನಲ್ಲಿ ಬದಲಿಸಬೇಕು, ಯಾವ ಬಣ್ಣ ಎಷ್ಟು ತೂಕ ಬೇಕು ಎಂಬುದನ್ನು ಈ ಲೆಕ್ಕದಿಂದಲೇ ನಿರ್ಧರಿಸಿದೆ.

ಶುರು ಮಾಡಿದ್ದು, ತುದಿ ಎಳೆದರೆ ಬಿಗಿಯಾಗುವ ದಾರದ ಉಂಗುರವಾದ ಮ್ಯಾಜಿಕ್ ರಿಂಗ್‌ನಿಂದ. ಅದರೊಳಗೆ ಆರು ಸಿಂಗಲ್ ಕ್ರೋಶಾ. ದಪ್ಪ ಹುರಿಯಲ್ಲಿ ರಿಂಗ್ ಎಳೆದರೂ ನಡುವಿನ ತೂತು ಪೂರ್ತಿ ಮುಚ್ಚುವುದಿಲ್ಲ. ಅದಕ್ಕೆ ಬಾಲವನ್ನು ಉದ್ದ ಬಿಟ್ಟುಕೊಂಡು, ಕೊನೆಯಲ್ಲಿ ದಪ್ಪ ಸೂಜಿಯಿಂದ ಆ ಆರು ಸ್ಟಿಚ್‌ಗಳ ಬುಡದಲ್ಲಿ ಮತ್ತೊಂದು ಸುತ್ತು ಹಾಯಿಸಿ ಬಿಗಿದೆ. ಎರಡನೆಯ ಸುತ್ತಿನಲ್ಲಿ ಪ್ರತಿ ಸ್ಟಿಚ್‌ನಲ್ಲೂ ಎರಡೆರಡು, ಒಟ್ಟು ಹನ್ನೆರಡು. ಮೂರನೆಯದರಲ್ಲಿ ಒಂದು ಬಿಟ್ಟು ಒಂದಕ್ಕೆ ಹೆಚ್ಚಳ (ಒಂದೇ ಸ್ಟಿಚ್ ಒಳಗೆ ಎರಡು), ಹದಿನೆಂಟು. ಹೀಗೆ ಪ್ರತಿ ಸುತ್ತಿಗೂ ಆರು ಹೆಚ್ಚುತ್ತಾ ಹೋಗಿ, ನಲವತ್ತೈದನೆಯ ಸುತ್ತಿನಲ್ಲಿ 270 ಸ್ಟಿಚ್‌ಗಳಾಗುತ್ತವೆ.

ಯಾಕೆ ಆರೇ? ಸಿಂಗಲ್ ಕ್ರೋಶಾ ಕಲಿಸುವವರು ಸಾಮಾನ್ಯವಾಗಿ ಆರು ಎನ್ನುತ್ತಾರೆ, ಕಾರಣವನ್ನು ಬಿಡಿಸಿ ಹೇಳುವವರು ಕಡಿಮೆ. ವೃತ್ತದ ತ್ರಿಜ್ಯ ಎಷ್ಟು ಬೆಳೆದರೂ ಸುತ್ತಳತೆ ಅದರ 6.28 ಪಟ್ಟು ಬೆಳೆಯಬೇಕು. ನನ್ನ ಒಂದು ಸುತ್ತಿನ ಎತ್ತರ 1.1 ಸೆಂ.ಮೀ., ಹಾಗಾಗಿ ಪ್ರತಿ ಸುತ್ತಿನಲ್ಲೂ ಅಂಚು ಸುಮಾರು 6.9 ಸೆಂ.ಮೀ. ಉದ್ದವಾಗಬೇಕು. ಒಂದು ಸ್ಟಿಚ್‌ನ ಅಗಲ 1.16 ಸೆಂ.ಮೀ.; 6.9ರಲ್ಲಿ ಅಂಥವು ಆರು ಹಿಡಿಯುತ್ತವೆ. ಸ್ಟಿಚ್ ಎತ್ತರವಾದಷ್ಟೂ ಹೆಚ್ಚಳವೂ ಏರುತ್ತದೆ. ಹಾಫ್ ಡಬಲ್‌ಗೆ (ಸಿಂಗಲ್ ಕ್ರೋಶಾಕ್ಕಿಂತ ಎತ್ತರದ ಸ್ಟಿಚ್) ಸಾಮಾನ್ಯವಾಗಿ ಎಂಟು, ಅದಕ್ಕಿಂತಲೂ ಎತ್ತರದ ಡಬಲ್ ಕ್ರೋಶಾ ಕಂಬಕ್ಕೆ ಹನ್ನೆರಡು. ಇವು ಹೊರಡುವುದಕ್ಕೆ ಸರಿಯಾದ ಸಂಖ್ಯೆಗಳು ಅಷ್ಟೇ. ಕೈ ಬಿಗಿ, ದಾರ, ಕಡ್ಡಿ ಬದಲಾದರೆ ಎತ್ತರ ಅಗಲಗಳ ಅನುಪಾತವೂ ಬದಲಾಗುತ್ತದೆ. ಮಾದರಿ ತುಂಡಿನ ಅಳತೆ ಕೈಯಲ್ಲಿದ್ದರೆ ಯಾರ ನಮೂನೆಯನ್ನೂ ಕಾಯಬೇಕಿಲ್ಲ.

ಹೆಚ್ಚಳಗಳನ್ನು ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬರುವಂತೆ ಹಾಕಿದರೆ ವೃತ್ತ ಮೆಲ್ಲಗೆ ಆರು ಮೂಲೆಯ ಆಕಾರಕ್ಕೆ ತಿರುಗುತ್ತದೆ. ಷಟ್ಕೋನವೇ ಬೇಕಿದ್ದವರಿಗೆ ಅದು ಒಳ್ಳೆಯ ದಾರಿ. ದುಂಡು ಬೇಕಿದ್ದರೆ ಹೆಚ್ಚಳದ ಜಾಗ ಸರಿಸುತ್ತಿರಬೇಕು. ಹತ್ತನೆಯ ಸುತ್ತಿನಲ್ಲಿ ಎಂಟು ಸಾದಾ ಸ್ಟಿಚ್, ಒಂದು ಹೆಚ್ಚಳ ಎಂದಿದೆ ಎನ್ನೋಣ. ಆ ಸುತ್ತನ್ನು ನಾಲ್ಕು ಸಾದಾ ಸ್ಟಿಚ್‌ಗಳಿಂದ ಶುರು ಮಾಡಿ, ಹೆಚ್ಚಳ ಹಾಕಿ, ಆಮೇಲೆ ಎಂಟೆಂಟರ ಲೆಕ್ಕ ನಡೆಸಿ, ಉಳಿದ ನಾಲ್ಕನ್ನು ಕೊನೆಗೆ ತಂದರೆ ಸಾಕು. ಒಂದು ಸುತ್ತು ಬಿಟ್ಟು ಒಂದಕ್ಕೆ ನಾನು ಹೀಗೆ ಮಾಡಿದೆ. ಸುತ್ತುಗಳನ್ನು ಮುಚ್ಚದೆ ಸುರುಳಿಯಾಗಿಯೇ ನಡೆಸಿದೆ, ಮುಚ್ಚಿದರೆ ಎತ್ತರವಿಲ್ಲದ, ಜೋಡಣೆಗೆ ಹಾಕುವ ಸ್ಲಿಪ್ ಸ್ಟಿಚ್‌ಗಳ ಗೆರೆಯೊಂದು ಓರೆಯಾಗಿ ಎದ್ದು ಕಾಣುತ್ತದೆ. ಸುರುಳಿಯಲ್ಲಿ ಸುತ್ತಿನ ಆರಂಭ ಕಳೆದುಹೋಗದಂತೆ ಮೊದಲ ಸ್ಟಿಚ್‌ಗೆ ಬೇರೆ ಬಣ್ಣದ ದಾರದ ತುಣುಕೊಂದನ್ನು ಸಿಕ್ಕಿಸಿ, ಪ್ರತಿ ಸುತ್ತಿಗೂ ಮೇಲಕ್ಕೆ ಸಾಗಿಸುತ್ತಿದ್ದೆ.

ಮಡಿಲಲ್ಲಿಟ್ಟು ನೋಡಿದ ಮ್ಯಾಟ್ ನಿಜ ಹೇಳುವುದಿಲ್ಲ. ಮೂರು ನಾಲ್ಕು ಸುತ್ತಿಗೊಮ್ಮೆ ನೆಲದ ಮೇಲೆ ಹರಡಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಸವರಿ ನೋಡುವುದು ನನ್ನ ರೂಢಿ. ಅಂಚು ಮೇಲೆದ್ದು ನಡು ತಗ್ಗಾದರೆ ಹೆಚ್ಚಳ ಸಾಲದು, ಅಥವಾ ಕೈ ಬಿಗಿಯಾಗಿದೆ ಎಂದರ್ಥ. ಮುಂದಿನ ಸುತ್ತಿನಲ್ಲಿ ಎರಡು ಮೂರು ಸ್ಟಿಚ್ ಹೆಚ್ಚಿಗೆ ಸೇರಿಸಬೇಕು. ಅಂಚು ಅಲೆಅಲೆಯಾದರೆ ಹೆಚ್ಚಳ ಅತಿಯಾಗಿದೆ. ಒಂದು ಸುತ್ತನ್ನು ಹೆಚ್ಚಳವಿಲ್ಲದೆ ಸಾದಾ ಹೆಣೆದರೆ ಕೂರುತ್ತದೆ. ತುಸು ತಗ್ಗಾದದ್ದು ಕೊನೆಗೆ ನೀರು ಚಿಮುಕಿಸಿ ಎಳೆದು ಒಣಗಿಸಿದಾಗ ಸರಿಹೋಗುತ್ತದೆ. ಅಲೆ ಮಾತ್ರ ಹೋಗುವುದಿಲ್ಲ, ಅಲ್ಲಿ ದಾರವೇ ಹೆಚ್ಚಿದೆಯಲ್ಲ. ಹಾಗಾಗಿ ಸಂಶಯವಿದ್ದಾಗ ಹೆಚ್ಚಳವನ್ನು ಕಡಿಮೆಯ ಕಡೆಗೇ ಇಟ್ಟುಕೊಳ್ಳುವುದು ಕ್ಷೇಮ.

ಕೈಯ ಬಗ್ಗೆ ಎರಡು ಮಾತು ಹೇಳಲೇಬೇಕು. ತೆಳು ದಾರದಲ್ಲಿ ಬೆರಳು, ಮಣಿಕಟ್ಟುಗಳೇ ಕೆಲಸ ಮುಗಿಸುತ್ತವೆ. ದಪ್ಪ ಹುರಿಯನ್ನು ಬಿಗಿ ಕಣ್ಣಿನಿಂದ ಎಳೆದು ತೆಗೆಯುವ ಹೊರೆಯನ್ನು ಮಣಿಕಟ್ಟಿಗೇ ಬಿಟ್ಟರೆ ನೋವು ಖಂಡಿತ. ಕಡ್ಡಿಯನ್ನು ಪೆನ್ನಿನಂತೆ ಹಿಡಿಯುವ ಬದಲು ಇಡೀ ಮುಷ್ಟಿಯಲ್ಲಿ ಹಿಡಿದು, ಮಣಿಕಟ್ಟನ್ನು ನೇರ ಇಟ್ಟು, ಮೊಣಕೈಯಿಂದ ಹಿಂದಕ್ಕೆ ಎಳೆಯುತ್ತೇನೆ. ಕಡ್ಡಿಯ ಕೊಕ್ಕನ್ನು ಕೆಳಮುಖ ಮಾಡಿ ಎಳೆದರೆ ಹುರಿಯ ಎಳೆಗೆ ಸಿಕ್ಕಿಕೊಳ್ಳುವುದಿಲ್ಲ. ಮ್ಯಾಟ್ ಒಂದು ಕಿಲೋ ದಾಟಿದ ಮೇಲೆ ಅದನ್ನು ಕೈಯಲ್ಲಿ ಎತ್ತಿ ಹಿಡಿಯುವುದು ಬೇಡವೇ ಬೇಡ. ಅಗಲವಾದ ಮೇಜಿನ ಮೇಲಿಟ್ಟು, ಅದನ್ನೇ ತಿರುಗಿಸುತ್ತಾ ಹೆಣೆದೆ. ಹುರಿಯನ್ನು ಮೊದಲೇ ಒಂದಷ್ಟು ಬಿಚ್ಚಿ ಪಕ್ಕದಲ್ಲಿ ರಾಶಿ ಹಾಕಿಕೊಂಡರೆ ಉಂಡೆಯ ಭಾರ ಎಳೆತವನ್ನು ಏರುಪೇರು ಮಾಡುವುದಿಲ್ಲ.

ಹುರಿ ಮುಗಿದಾಗ ಗಂಟು ಹಾಕಿ ಮುಂದುವರಿಯುವುದನ್ನು ಮ್ಯಾಟಿನಲ್ಲಿ ನಾನು ಒಪ್ಪುವುದಿಲ್ಲ. ಗಂಟು ಅಂಗಾಲಿಗೆ ತಾಗುತ್ತದೆ, ಮೊದಲು ಸವೆಯುವುದೂ ಅದೇ ಜಾಗ. ತಿರುಳಿರುವ ಹೆಣೆದ ಹುರಿಗೆ ಚೊಕ್ಕಟವಾದ ದಾರಿಯಿದೆ. ಹಳೆಯ ತುದಿಯಿಂದ ಮೂರು ನಾಲ್ಕು ಸೆಂಟಿಮೀಟರ್ ತಿರುಳನ್ನು ಹೊರಗೆಳೆದು ಕತ್ತರಿಸಿದರೆ ಮೇಲಿನ ಹೆಣಿಗೆ ಟೊಳ್ಳು ಕೊಳವೆಯಂತಾಗುತ್ತದೆ. ಹೊಸ ತುದಿಗೆ ಟೇಪು ಸುತ್ತಿ ಚೂಪು ಮಾಡಿ ಅದರೊಳಗೆ ತೂರಿಸಬೇಕು. ಹೊರತುದಿಯ ಎಳೆಗಳನ್ನು ಒಳಕ್ಕೆ ಮಡಚಿ, ಅದೇ ಬಣ್ಣದ ಗಟ್ಟಿ ಹೊಲಿಗೆ ದಾರದಿಂದ ಅಡ್ಡಕ್ಕೂ ಉದ್ದಕ್ಕೂ ನಾಲ್ಕಾರು ಹೊಲಿಗೆ ಹಾಕಿದರೆ ಜೋಡಣೆ ಮೂಲ ಹುರಿಗಿಂತ ಕೂದಲೆಳೆಯಷ್ಟು ದಪ್ಪವಾಗಿರುತ್ತದೆ. ಟಿ-ಶರ್ಟ್ ದಾರಕ್ಕಾದರೆ ಎರಡು ತುದಿಗಳಲ್ಲೂ ಸೀಳು ಮಾಡಿ, ಒಂದರೊಳಗಿಂದ ಇನ್ನೊಂದನ್ನು ಹಾಯಿಸಿ ಎಳೆಯಬಹುದು. ಉಣ್ಣೆಯ ತುದಿಗಳನ್ನು ಒದ್ದೆ ಮಾಡಿ ಅಂಗೈಗಳ ನಡುವೆ ಉಜ್ಜಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಯಂತ್ರದಲ್ಲಿ ಒಗೆಯಲು ಸಂಸ್ಕರಿಸಿದ ಉಣ್ಣೆಗೆ ಮಾತ್ರ ಈ ಉಪಾಯ ಒಗ್ಗದು. ಬಣ್ಣ ಬದಲಿಸುವಲ್ಲಿ ಉಳಿಯುವ ಬಾಲಗಳನ್ನು ಹದಿನೈದು ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಬಿಟ್ಟು, ಒಂದು ದಿಕ್ಕಿಗೆ ಪೋಣಿಸಿ, ಮತ್ತೆ ಎದುರು ದಿಕ್ಕಿಗೆ ತಿರುಗಿಸಿ, ತುದಿಯನ್ನು ಹೊಲಿದುಬಿಟ್ಟೆ.

ಕೊನೆಯ ಸುತ್ತಿನ ನಂತರ ಹೊರಗಡೆ ಒಂದು ಸಾಲು ಸ್ಲಿಪ್ ಸ್ಟಿಚ್ ಓಡಿಸಿದೆ. ಅದು ಅಂಚನ್ನು ಹಿಗ್ಗಲು ಬಿಡುವುದಿಲ್ಲ, ನೋಡಲು ಜಡೆಯಂಥ ಗೆರೆ. ಹಿಮ್ಮುಖವಾಗಿ ಹೆಣೆಯುವ ಸಿಂಗಲ್ ಕ್ರೋಶಾ ಅಂಚೂ ಚೆನ್ನಾಗಿರುತ್ತದೆ, ಆದರೆ ಈ ದಪ್ಪದಲ್ಲಿ ಅದು ಎಡವುವಷ್ಟು ಉಬ್ಬಾಗುತ್ತದೆ ಎಂದು ನನ್ನ ಅಭಿಪ್ರಾಯ.

ಆಮೇಲೆ ನೀರು ಚಿಮುಕಿಸಿ, ನೆಲದ ಮೇಲೆ ಹಾಸಿದ ಫೋಮ್ ಹಾಳೆಗೆ ಅಂಚಿನ ಸುತ್ತಲೂ ಪಿನ್ ಚುಚ್ಚಿ, ನಡುವಿನಿಂದ ಎಲ್ಲ ಕಡೆಗೂ ಐವತ್ತು ಸೆಂಟಿಮೀಟರ್ ಇದೆಯೇ ಎಂದು ಟೇಪಿನಿಂದ ನೋಡುತ್ತಾ ಎಳೆದು ಒಣಗಿಸಿದೆ. ಹತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ತಾಗಿಸದೆ ಮೇಲಿನಿಂದ ಅದರ ಹಬೆಯನ್ನೂ ಕೊಡಬಹುದು. ಅಕ್ರಿಲಿಕ್, ಪಾಲಿಯೆಸ್ಟರ್ ದಾರಕ್ಕೆ ಹಬೆ ಅತಿಯಾದರೆ ಬಿಗಿಯೆಲ್ಲ ಹೋಗಿ ಜೋತುಬೀಳುತ್ತದೆ, ಮತ್ತೆ ಮರಳುವುದಿಲ್ಲ.

ಎರಡೂವರೆ ಕಿಲೋ ತೂಗುವ ಮ್ಯಾಟ್ ಕೂಡ ನುಣುಪಾದ ನೆಲದ ಮೇಲೆ ಜಾರುತ್ತದೆ. ಅಡಿಭಾಗಕ್ಕೆ ರಬ್ಬರ್ ಲೇಪ ಬಳಿಯುವವರಿದ್ದಾರೆ. ನಾನು ಮ್ಯಾಟಿಗಿಂತ ನಾಲ್ಕು ಬೆರಳು ಚಿಕ್ಕದಾಗಿ ಕತ್ತರಿಸಿದ ರಬ್ಬರ್ ಜಾಲಿಯನ್ನು ಕೆಳಗೆ ಹಾಸಿದ್ದೇನೆ. ಲೇಪ ಬಳಿದರೆ ಮ್ಯಾಟನ್ನು ಮಗುಚಿ ಹಾಕುವಂತಿಲ್ಲ. ನನಗೆ ಆ ಅನುಕೂಲ ಬೇಕು, ಆಗಾಗ ಮಗುಚಿದರೆ ಎರಡೂ ಮೈ ಸಮನಾಗಿ ಸವೆಯುತ್ತವೆ. ಹೆಣಿಗೆಯೊಳಗೆ ಸೇರಿದ ಧೂಳು ಮರಳಿನಂತೆ ಎಳೆಗಳನ್ನು ಉಜ್ಜುವುದರಿಂದ ಕೊಡವುವುದನ್ನು ತಪ್ಪಿಸುವುದಿಲ್ಲ. ತೊಳೆಯುವುದು ಅಪರೂಪಕ್ಕೆ, ಅಗಲವಾದ ತೊಟ್ಟಿಯಲ್ಲಿ, ತಣ್ಣೀರಿನಲ್ಲಿ, ಹಿಂಡದೆ ಒತ್ತಿ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ದುಂಡು ಹೋಗಿ ಅಂಡಾಕಾರವಾಗುತ್ತದೆ. ಗಾಳಿಯಾಡುವ ಜಾಲರಿಯ ಮೇಲೆ ಚಪ್ಪಟೆಯಾಗಿ ಹರಡಿ, ನಡುನಡುವೆ ಮಗುಚುತ್ತೇನೆ. ಮೇಲ್ಮೈ ಒಣಗಿದಂತೆ ಕಂಡರೂ ಹುರಿಯ ತಿರುಳಿನಲ್ಲಿ ತೇವ ಉಳಿದಿರುತ್ತದೆ. ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಹಿಡಿದಾಗ ಅಂಗೈಗೆ ತಣ್ಣಗೆ ತಾಗಿದರೆ ಇನ್ನೂ ಒಂದಷ್ಟು ಹೊತ್ತು ಬಿಸಿಲಿಗೆ ಬಿಡುತ್ತೇನೆ.